ಫೈಲಿನಲ್ಲಿ ಒಣಗಿದ ಗೌಡರ ಬಾವಿ

"ಅಕ್ಕಾ, ನಿಮ್ಮ ಫೈಲು ಮುಗೀತಾನೇ ಇಲ್ಲ."

ಕೊಪ್ಪ ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸೆಂಟರಿನ ಶೋಭಾ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಹೀಗಂದಾಗ ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಮುಗಿಯದೇ ಇರೋಕೆ ಅದೇನು ಧಾರಾವಾಹಿಯಾ? ಇ-ಮೇಲ್‌ನಲ್ಲಿ ಬಂದ ಒಂದು ಫೈಲು. ಪ್ರಿಂಟ್ ತೆಗೆದಿಡು ಅಂತ ಹಿಂದಿನ ದಿನ ಹೇಳಿ ಬಂದಿದ್ದೆ. ಐದಾರು ಪೇಜ್ ಇರಬಹುದು ಅಂದುಕೊಂಡಿದ್ದೆ.

"ಎಷ್ಟಾಯ್ತು?"

"ಇನ್ನೂರು ದಾಟ್ತು. ಪ್ರಿಂಟರ್ ಬಿಸಿಯಾಗಿದೆ. ಪೇಪರ್ ಮೆಟ್ಟಿಲ ತನಕ ಹೋಗಿದೆ. ಬರೀ ನಂಬರ್ ಅಕ್ಕ. ನಿಮ್ಮ ಇನ್ಶೂರೆನ್ಸ್‌ದಾ?"

ಅಲ್ಲ. ಅದು ನೀರಿನದು.

ನಿಮಗೆ ಗೊತ್ತೇ ಇದೆ, ನಾನು ಹೊಟ್ಟೆಪಾಡಿಗೆ ಇನ್ಶೂರೆನ್ಸ್ ಏಜೆಂಟ್. (ಈ ಅಂಕಣ ಚಟಕ್ಕೆ.) ಸ್ಕೂಟಿಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕು ಸುತ್ತುವವಳು. ಇದು ಹೇಗೋ ಅನುಪಮಾಗೆ ಗೊತ್ತಾಯಿತು. ಅನುಪಮಾ ಕರಾವಳಿ ಕಡೆಯ ಒಂದು ಕಾಲೇಜಿನಲ್ಲಿ ಅಂತರ್ಜಲದ ಮೇಲೆ ಪಿಎಚ್.ಡಿ. ಮಾಡುವ ಹುಡುಗಿ. ಒಂದು ದಿನ ಮನೆಗೆ ಬಂದು, ಕೈಗೊಂದು ಉದ್ದ ಟೇಪು ಕೊಟ್ಟು, "ಅಕ್ಕ, ಹೇಗೂ ಓಡಾಡ್ತೀರಲ್ಲ, ಒಂಬತ್ತು ಬಾವಿ ಇದೆ. ತಿಂಗಳಿಗೊಂದು ಸಲ ನೀರು ಎಷ್ಟು ಕೆಳಗಿದೆ ಅಂತ ಅಳೆದು ಬರ್ಕೊಡಿ, ಒಂದು ವರ್ಷ ಅಷ್ಟೇ" ಅಂದಳು.

ಟೇಪಿನ ತುದಿಗೆ ಒಂದು ತೂಕದ ಗುಂಡು. ಬಾವಿಗೆ ಇಳಿಸಿದರೆ ನೀರು ಮುಟ್ಟಿದಾಗ ಬುಳುಕ್ ಅನ್ನುತ್ತದೆ. ಆಗ ಮೇಲಿನ ಅಂಕಿ ಬರೆದುಕೊಳ್ಳಬೇಕು. ವಿಜ್ಞಾನಕ್ಕೆ ಇಷ್ಟು ಸುಲಭವಾಗಿ ಸೇವೆ ಸಲ್ಲಿಸಬಹುದಾದರೆ ಯಾರು ಬೇಡ ಅಂತಾರೆ? ಒಪ್ಪಿಕೊಂಡೆ.

ಅವಳು ಈ ಮೂರು ತಾಲೂಕಿನ ಗುಡ್ಡ, ಹಳ್ಳ, ಮಣ್ಣು, ಮಳೆ ಎಲ್ಲವನ್ನೂ ಚೌಕ ಚೌಕ ಮಾಡಿ ಕಂಪ್ಯೂಟರಿಗೆ ಕೊಡುತ್ತಾಳಂತೆ. ಪ್ರತಿ ಚೌಕದಡಿ ನೀರು ಎಲ್ಲಿರಬೇಕು ಅಂತ ಒಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದಂತೆ. ಇನ್ನೊಂದು ಸಾಫ್ಟ್‌ವೇರ್ ಆ ಲೆಕ್ಕವನ್ನು ನಾನು ಅಳೆದ ಅಂಕಿಯ ಪಕ್ಕ ಇಟ್ಟು, ಮಣ್ಣಿನ ಗುಣ ಸ್ವಲ್ಪ ಆಚೀಚೆ ಮಾಡಿ, ಮತ್ತೆ ಲೆಕ್ಕ ಹಾಕಿಸಿ, ಎರಡೂ ಹೊಂದುವ ತನಕ ಬಿಡದೆ ಕಾಡುತ್ತದಂತೆ. ಕಾಡಿದ್ದಷ್ಟನ್ನೂ ಒಂದಂಕಿ ಬಿಡದೆ ಫೈಲಿಗೆ ಬರೆದಿಡುತ್ತದೆ. ಆ ಫೈಲನ್ನೇ ಅನುಪಮಾ "ನೋಡಿ ಖುಷಿಪಡಿ ಅಕ್ಕ" ಅಂತ ಕಳಿಸಿದ್ದು. ಅದೇ ಈಗ ಶೋಭಾಳ ಪ್ರಿಂಟರನ್ನು ಬೇಯಿಸುತ್ತಿದ್ದದ್ದು.

ನಾನು ಸೆಂಟರಿಗೆ ಓಡುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಇಲ್ಲೇ ಪಕ್ಕದ ನಾರ್ವೆ ಅನ್ನೋ ಹಳ್ಳಿಯ ವೆಂಕಪ್ಪ ಗೌಡರು ಪಹಣಿ ಜೆರಾಕ್ಸ್ ಮಾಡಿಸೋಕೆ ಬಂದವರು, ಮೆಟ್ಟಿಲ ಮೇಲೆ ಬಿದ್ದ ಪೇಪರ್ ತುಳಿಯಬಾರದು ಅಂತ ಎತ್ತಿಕೊಂಡಿದ್ದಾರೆ. ಅದರಲ್ಲಿ ಅವರದೇ ಹೆಸರು!

"ಎಂಥದ್ದಮ್ಮ ಇದು? ಇಲ್ಲಿ ವೆಂಕಪ್ಪ ಗೌಡ, ನಾರ್ವೆ ಅಂತಿದೆ. ಮುಂದೆ ಒಂದು ಪಾಯಿಂಟ್ ಎಂಟು. ಅದು ಸರಿ, ನೀವೇ ಅಳೆದದ್ದು. ಅದರ ಮುಂದೆ ಇದೆಂತದು?"

ಶೋಭಾ ಓದಿದಳು. "ಒಂದು ಇ ಪ್ಲಸ್ ಮೂವತ್ತು. ಅಂದ್ರೆ ಒಂದರ ಮುಂದೆ ಮೂವತ್ತು ಸೊನ್ನೆ, ಗೌಡ್ರೇ."

"ನಮ್ಮ ಬಾವಿ ನೀರು ಅಷ್ಟು ಮೀಟರ್ ಕೆಳಗಿದೆಯಾ? ಹಾಗಾದ್ರೆ ಭೂಮಿ ದಾಟಿ ಆ ಕಡೆಯಿಂದ ಹೊರಗೆ ಹೋಗಿರ್ಬೇಕಲ್ಲ ಮಾರಾಯ್ತಿ!"

ಕೊನೆಯ ಕಾಲಮ್ಮು ಇನ್ನೂ ಘೋರ. ಅದರ ತಲೆಯ ಮೇಲೆ ವೆಯ್ಟ್ ಅಂತ ಬರೆದಿತ್ತು. ಗೌಡರ ಬಾವಿಯ ವೆಯ್ಟು ಸೊನ್ನೆ.

ಗೌಡರ ಮುಖ ಕೆಂಪಾಯಿತು. "ನಮ್ಮಜ್ಜ ತೋಡಿಸಿದ ಬಾವಿ. ಅದಕ್ಕೆ ತೂಕ ಇಲ್ಲ ಅಂದ್ರೆ ಏನರ್ಥ?"

ನನಗೇನು ಗೊತ್ತು? ಸಂಜೆ ಅನುಪಮಾಳ ಹಾಸ್ಟೆಲಿಗೆ ಫೋನ್ ಮಾಡಿದೆ. "ಓ, ಅದಾ? ಅದು ಗುರುತು ಅಕ್ಕ. ಮಾಡೆಲ್‌ನಲ್ಲಿ ಆ ಚೌಕ ಒಣಗಿದೆ ಅಂತ ಅರ್ಥ" ಅಂದಳು. ನಾನು ಪೆದ್ದಿ, ಅದನ್ನು ಹಾಗೇ ಗೌಡರಿಗೆ ಹೇಳಿದೆ. ಗೌಡರು ಆ ಪೇಪರನ್ನೂ ತೋರಿಸಿ ಅದನ್ನು ಹಾಗೇ ಪಂಚಾಯ್ತಿ ಮೆಂಬರಿಗೆ ಹೇಳಿದರು, ನಗೋಕೆ ಅಂತ.

ಮೆಂಬರು ನಗಲಿಲ್ಲ.

ಯಾಕೆಂದರೆ ಆಗಷ್ಟೇ ಒಂದು ತೀರ್ಮಾನ ಆಗಿತ್ತು. ಗುಡ್ಡದ ಮೇಲಿನ ಹನ್ನೊಂದು ಮನೆಗೆ ನೀರಿಲ್ಲ. ಹೆಂಗಸರು ಕೊಡ ಹೊತ್ತು ಹತ್ತಬೇಕು. ಗೌಡರು ತಾವಾಗಿಯೇ ನಮ್ಮ ಬಾವಿಯಿಂದ ಪೈಪ್ ಹಾಕ್ಕೊಳ್ಳಿ ಅಂದಿದ್ದರು. ಪಂಪ್‌ಸೆಟ್ಟು ಬಂದು ಪಂಚಾಯ್ತಿ ವರಾಂಡದಲ್ಲಿ ಕೂತಿತ್ತು. ಈಗ ಮೆಂಬರು ಆ ಪೇಪರ್ ಹಿಡಿದು, "ಕಂಪ್ಯೂಟರ್ ಪ್ರಕಾರ ಬಾವಿ ಒಣಗಿದೆ. ನಾಳೆ ಆಡಿಟ್‌ನವರು ಕೇಳಿದ್ರೆ ನಾನೇನು ಹೇಳ್ಲಿ?" ಅಂತ ಕೆಲಸ ನಿಲ್ಲಿಸಿಬಿಟ್ಟರು.

ಮರುದಿನ ಗೌಡರು ನನ್ನ ಮನೆಗೇ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಹೊರಡಿ. ಟೇಪು ತಗೊಳ್ಳಿ. ಮೆಂಬರ ಎದುರಿಗೇ ಅಳೀರಿ."

ಹೋದೆ. ಮೆಂಬರು, ಗೌಡರು, ಗುಡ್ಡದ ಮನೆಗಳಿಂದ ನಾಲ್ಕು ಹೆಂಗಸರು ಸುತ್ತ ನಿಂತರು. ಗುಂಡು ಬಿಟ್ಟೆ. ಬುಳುಕ್. ಎರಡೂವರೆ ಮೀಟರ್ ಕೂಡ ಇಲ್ಲ. ಬಗ್ಗಿ ನೋಡಿದರೆ ನೀರಿನಲ್ಲಿ ಮೆಂಬರ ಮುಖವೇ ಕಾಣುತ್ತಿತ್ತು.

ಮೆಂಬರು ತಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ನಿಟ್ಟುಸಿರು ಬಿಟ್ಟು, "ನೀರೇನೋ ಇದೆ. ಆದ್ರೆ ಪ್ರಿಂಟ್‌ನಲ್ಲಿ ಇಲ್ವಲ್ಲ" ಅಂದರು.

ಹೆಂಗಸರಲ್ಲೊಬ್ಬಳು ಕೇಳಿದಳು. "ಹಾಗಾದ್ರೆ ನಾವು ಯಾವ್ದನ್ನ ಕುಡೀಬೇಕು ಸ್ವಾಮಿ?"

ಅನುಪಮಾಳನ್ನು ಕರೆಸದೆ ಗತ್ಯಂತರ ಇರಲಿಲ್ಲ. ಆ ವಾರವೇ ಬಂದಳು, ಪಾಪ. ನಮ್ಮ ಜಗಲಿಯಲ್ಲಿ ಫೈಲು ಹರಡಿ ವಿವರಿಸಿದಳು. ಗೌಡರ ಬಾವಿಯ ಅಂಕಿ ಯಾವ ರೀತಿಯಲ್ಲೂ ಲೆಕ್ಕಕ್ಕೆ ಹೊಂದುತ್ತಿರಲಿಲ್ಲವಂತೆ. ಅದೊಂದರಿಂದ ಇಡೀ ಮಾಡೆಲ್ ಎಡವುತ್ತಿತ್ತಂತೆ. ಆದ್ದರಿಂದ ಅದಕ್ಕೆ ವೆಯ್ಟ್ ಸೊನ್ನೆ ಕೊಟ್ಟು, ಅಂದರೆ ಅದರ ಮಾತನ್ನು ಕೇಳಿಸಿಕೊಳ್ಳಬೇಡ ಅಂತ ಸಾಫ್ಟ್‌ವೇರಿಗೆ ಹೇಳಿ, ಮುಂದೆ ಹೋದಳಂತೆ. ಗೈಡ್ ಕೂಡ ಒಪ್ಪಿದರಂತೆ.

"ನೀವು ಅಳೆಯೋವಾಗ ಏನೋ ತಪ್ಪಾಗಿರ್ಬೇಕು ಅಂದ್ಕೊಂಡೆ ಅಕ್ಕ, ಸಾರಿ. ಆದ್ರೆ ಇದನ್ನ ನೋಡಿ, ಸಿರಿಮನೆ ಬಾವಿ. ನನ್ನ ಬೆಸ್ಟ್ ಬಾವಿ! ಜೂನ್‌ನಿಂದ ಡಿಸೆಂಬರ್ ತನಕ ಲೆಕ್ಕಕ್ಕೂ ಅಳತೆಗೂ ಮೂರು ಸೆಂಟಿಮೀಟರ್ ವ್ಯತ್ಯಾಸ ಇಲ್ಲ. ಇದಕ್ಕೆ ವೆಯ್ಟ್ ಐದು ಕೊಟ್ಟಿದೀನಿ. ಇಡೀ ಥೀಸಿಸ್ ಇದರ ಮೇಲೇ ನಿಂತಿದೆ."



ಓದುಗರೇ, ನಿಮ್ಮ ಹತ್ತಿರ ಮುಚ್ಚಿಡೋದೇನಿದೆ? ಜೂನ್‌ನಿಂದ ಡಿಸೆಂಬರ್ ತನಕ ನಾನು ಶೃಂಗೇರಿ, ಕಿಗ್ಗ ದಾಟಿ ಸಿಗುವ ಆ ಸಿರಿಮನೆಗೆ ಹೋಗಿಯೇ ಇರಲಿಲ್ಲ. ಜೂನ್‌ನಲ್ಲಿ ಮಳೆ, ಜಾರುವ ರಸ್ತೆ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ. ಕಿಗ್ಗದ ತನಕ ಹೋಗಿ ವಾಪಸ್ ಬಂದೆ. ಒಂದು ತಿಂಗಳಲ್ಲವಾ ಅಂತ ಮನೆಯಲ್ಲೇ ಕೂತು ಒಂದು ಅಂಕಿ ಬರೆದೆ. ಮಳೆ ಜೋರಾಯಿತು, ನೀರು ಸ್ವಲ್ಪ ಮೇಲೆ ಬರೆದೆ. ಮಳೆ ನಿಂತಿತು, ಸ್ವಲ್ಪ ಕೆಳಗೆ ಬರೆದೆ. ಅಕ್ಟೋಬರ್‌ನಲ್ಲಿ ಹೋಗಬಹುದಿತ್ತು. ಆದರೆ ಹೋಗಿ ಅಳೆದಾಗ ನಿಜವಾದ ಅಂಕಿ ನನ್ನ ಅಂಕಿಗೆ ಹೊಂದದಿದ್ದರೆ? ಆ ಹೆದರಿಕೆಗೆ ಹೋಗಲೇ ಇಲ್ಲ.

"ನಡೀರಿ ಅಕ್ಕ, ಬಂದಿದ್ದಕ್ಕೆ ಆ ಬಾವಿಯದೊಂದು ಫೋಟೋ ತೆಗೀತೀನಿ. ಥೀಸಿಸ್‌ನಲ್ಲಿ ಹಾಕ್ಬೇಕು" ಅಂತ ಅನುಪಮಾ ಎದ್ದಳು.

ದಾರಿಯುದ್ದಕ್ಕೂ ಹೇಳಿಬಿಡೋಣ ಅಂದುಕೊಂಡೆ. ಶೃಂಗೇರಿ ದಾಟಿದ ಮೇಲೆ ಹೇಳೋಣ ಅಂದುಕೊಂಡೆ. ಕಿಗ್ಗದಲ್ಲಿ ಟೀ ಕುಡಿಯುವಾಗ ಬಾಯಿ ತೆರೆದೆ. "ಬನ್ ತಿಂತೀಯಾ?" ಅಂತ ಮಾತ್ರ ಬಂತು.

ಸಿರಿಮನೆಯಲ್ಲಿ ಬಾವಿಯ ಒಡತಿ ಸಾವಿತ್ರಮ್ಮ ಅಂಗಳದಲ್ಲಿ ಮೆಣಸು ಹರಡುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ನನ್ನ ಹಳೇ ಪಾಲಿಸಿದಾರರು. ಅನುಪಮಾ ಕ್ಯಾಮೆರಾ ತೆಗೆದು, "ಅಮ್ಮ, ಬಾವಿ ಹತ್ರ ಹೋಗ್ಲಾ?" ಅಂದಳು.

"ಯಾವ ಬಾವಿಯೇ ಕೂಸೇ?"

"ನಿಮ್ಮ ಬಾವಿ."

"ಅದು ಮಳೆಗಾಲ ಹಿಡಿದ ವಾರದಲ್ಲೇ ಕುಸಿದು ಹೋತು ಮಾರಾಯ್ತಿ. ಮಣ್ಣು ತುಂಬ್ಸಿ ಬಸಳೆ ಹಾಕಿದ್ದಿ. ಬಾ, ತೋರಿಸ್ತಿ."

ಹೋದೆವು. ಬಾವಿ ಇದ್ದ ಜಾಗದಲ್ಲಿ ಬಸಳೆ ಚಪ್ಪರ. ಬಹಳ ಚೆನ್ನಾಗಿ ಹಬ್ಬಿತ್ತು.

ಅನುಪಮಾ ನನ್ನನ್ನು ನೋಡಿದಳು. ಬಸಳೆಯನ್ನು ನೋಡಿದಳು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮೆಲ್ಲಗೆ ಓದತೊಡಗಿದಳು. "ಜೂನ್, ಮೂರು ಪಾಯಿಂಟ್ ಒಂದು ಎರಡು. ಜುಲೈ, ಒಂದು ಪಾಯಿಂಟ್ ಎಂಟು ಐದು. ಆಗಸ್ಟ್..."

"ಎಂತದೇ ಅದು?" ಅಂತ ಸಾವಿತ್ರಮ್ಮ ನನ್ನ ಕೇಳಿದರು.

"ನಿಮ್ಮ ಬಾವಿಯ ನೀರು" ಅಂದೆ. ಬೇರೇನು ಹೇಳಲಿ?

ಸಾವಿತ್ರಮ್ಮ ನಮ್ಮಿಬ್ಬರನ್ನೂ ಒಂದು ಸಲ ನೋಡಿ, "ಬಿಸಿಲು ಜೋರಿದ್ದು, ಒಳಗೆ ಬನ್ನಿ. ಮಜ್ಜಿಗೆ ಕೊಡ್ತಿ" ಅಂದರು.

ಮಜ್ಜಿಗೆ ಕುಡಿಯುತ್ತ ಎಲ್ಲ ಹೇಳಿದೆ, ಅಳುವೂ ಬಂತು. ವಾಪಸ್ ಬರುವಾಗ ಸ್ಕೂಟಿಯ ಹಿಂದೆ ಒಬ್ಬರು ಕೂತಿದ್ದಾರೆ ಅಂತ ಗೊತ್ತಾಗುತ್ತಿದ್ದುದು ಭಾರದಿಂದ ಮಾತ್ರ. ಶೃಂಗೇರಿ ಬಂದ ಮೇಲೆ ಬಾಯಿಬಿಟ್ಟಳು.

"ಅಕ್ಕ, ನಿಮ್ಮ ಮೇಲೆ ನಂಗೆ ಸಿಟ್ಟು ಬಂದಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಗೌಡ್ರ ಬಾವಿ ವರ್ಷವಿಡೀ ನಿಜ ಹೇಳ್ತಿತ್ತು. ಅದರ ಬಾಯಿ ಮುಚ್ಚಿಸಿದ್ದು ನೀವಲ್ಲ, ನಾನು."

ಯೋಚಿಸಿ ನೋಡಿ. ನನ್ನ ಅಂಕಿ ಅಷ್ಟು ಚೆನ್ನಾಗಿ ಹೊಂದಿದ್ದು ಯಾಕೆ? ಮಳೆ ಬಂದರೆ ನೀರು ಮೇಲೆ, ನಿಂತರೆ ಕೆಳಗೆ ಅಂತ ನಾನು ಜಗಲಿಯಲ್ಲಿ ಕೂತು ಯೋಚಿಸಿದ್ದೆ. ಕಂಪ್ಯೂಟರೂ ಅದರ ಜಗಲಿಯಲ್ಲಿ ಕೂತು ಹಾಗೇ ಯೋಚಿಸಿತ್ತು. ಇಬ್ಬರೂ ಸಿರಿಮನೆಗೆ ಹೋಗಿರಲಿಲ್ಲ. ಹೊಂದದೆ ಇನ್ನೇನಾಗುತ್ತದೆ?

ಅನುಪಮಾ ಗೈಡ್‌ಗೆ ನಿಜ ಹೇಳಿದಳು. ಬೈಸಿಕೊಂಡಳು. ಥೀಸಿಸ್ ಒಂದು ಟರ್ಮ್ ಮುಂದೆ ಹೋಯಿತು. (ಅವಳ ತಾಯಿ ನನಗೆ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.) ಸಿರಿಮನೆಯ ಏಳು ಅಂಕಿ ಕಿತ್ತು ಹಾಕಿ, ಗೌಡರ ಬಾವಿಗೆ ವೆಯ್ಟ್ ಕೊಟ್ಟು ಮತ್ತೆ ಶುರು ಮಾಡಿದಳು. ಮೊದಮೊದಲು ಸಾಫ್ಟ್‌ವೇರ್ ಹಟ ಹಿಡಿದು ಅರ್ಧಕ್ಕೇ ನಿಲ್ಲುತ್ತಿತ್ತಂತೆ. ಅವಳು ಮತ್ತೆ ನಾರ್ವೆಗೆ ಬಂದು ಎರಡು ದಿನ ಗುಡ್ಡ ಸುತ್ತಿದಳು. ಬಾವಿಯ ಕೆಳಗೆ ನೀರು ಇಂಗದ ಹಾಗೆ ಗಟ್ಟಿ ಬಂಡೆ ಹಾಸಿದೆ ಅಂತ ಗೊತ್ತಾಯಿತು. ಗೌಡರ ಅಜ್ಜ ಸರಿಯಾದ ಜಾಗದಲ್ಲೇ ತೋಡಿಸಿದ್ದರು. ಬಂಡೆಯನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆ ಫೈಲಿನಲ್ಲೂ ಗೌಡರ ಬಾವಿಗೆ ನೀರು ಬಂತು. ಹಾಗಂತ ಎಲ್ಲ ಹೊಂದಿತು ಅಂದುಕೊಳ್ಳಬೇಡಿ. ಈಗ ಒಂದು ಬಾವಿಯೂ ಮೂರು ಸೆಂಟಿಮೀಟರ್‌ನೊಳಗೆ ಕೂರುವುದಿಲ್ಲ. ಎಲ್ಲದಕ್ಕೂ ಅರ್ಧ ಮೀಟರ್, ಮುಕ್ಕಾಲು ಮೀಟರ್ ತಪ್ಪು.

ಮೆಂಬರು ಹೊಸ ಪ್ರಿಂಟು ನೋಡಿ, ಸೀಲು ಹೊಡೆದು, ಪೈಪು ಎಳೆಸಿದರು. ಬೇಸಿಗೆಗೆ ಮೊದಲೇ ಗುಡ್ಡದ ಮೇಲೆ ನಲ್ಲಿಯಲ್ಲಿ ನೀರು ಬಂತು. ಅಲ್ಲಿ ತನಕ ಎರಡು ತಿಂಗಳು ಆ ಹೆಂಗಸರು ಕೊಡ ಹೊತ್ತರಲ್ಲ, ಅದಕ್ಕೆ ಯಾವ ಫೈಲಿನಲ್ಲೂ ಕಾಲಮ್ ಇಲ್ಲ. ಆ ತಪ್ಪಿನಲ್ಲಿ ಅರ್ಧ ಪಾಲು ನನ್ನದು ಅಂತ ನನಗೆ ಗೊತ್ತು.

ಗೌಡರಿಗೂ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. "ಮತ್ತೆ ನಮ್ಮ ಬಾವಿಗೆ ಮಾತ್ರ ತಪ್ಪದೆ ಪ್ರತಿ ತಿಂಗಳೂ ಬಂದ್ರಲ್ಲ, ಅದು ಯಾಕೆ?" ಅಂದರು.

"ನಿಮ್ಮನೇಲಿ ಕಾಫಿ ಚೆನ್ನಾಗಿರುತ್ತೆ ಗೌಡ್ರೇ."

ಅಂದಿನಿಂದ ನನಗೊಂದು ರೋಗ ಅಂಟಿಕೊಂಡಿದೆ. ಯಾವ ಇಲಾಖೆಯದೇ ಆಗಲಿ, ಯಾವ ಕಂಪನಿಯದೇ ಆಗಲಿ, ಒಂದು ಚೂರೂ ಆಚೀಚೆ ಇಲ್ಲದೆ ಹೊಂದಿಕೊಂಡ ವರದಿ ಕಂಡರೆ ಎದ್ದು ನಿಂತು ಕೇಳಬೇಕು ಅನ್ನಿಸುತ್ತದೆ: ಎಲ್ಲ ಸರಿ ಸ್ವಾಮಿ, ಅಲ್ಲಿ ಬಾವಿ ಇದೆಯಾ?