ಅಕ್ಕನ ಪಿತ್ತಕೋಶ, ಡಾಕ್ಟರ ದನಿ

ಮುಂಬೈಯಲ್ಲಿ ನನ್ನನ್ನು ಯಾರೂ ‘ಯಾವೂರು, ಯಾರ ಪೈಕಿ’ ಎಂದು ಕೇಳಲಿಲ್ಲ. ಕ್ಯಾನ್ಸರ್ ಆಸ್ಪತ್ರೆಯೆದುರಿನ ಫುಟ್‌ಪಾತಿನಲ್ಲಿ ಚಾಪೆ ಹಾಸಿದ ಕೂಡಲೇ ಪಕ್ಕದ ಬಿಹಾರಿ ಕೇಳಿದ್ದು, ‘ನಿಮ್ಮದು ಯಾವ ಅಂಗ?’ ಅಲ್ಲಿ ಅಂಗವೇ ಜಾತಿ. ಅವರು ಗಂಟಲಿನವರು, ನಾವು ಪಿತ್ತಕೋಶದವರು. ನಮ್ಮ ಪೈಕಿ ಮಂದಿ ಕಡಿಮೆ, ಅಪರೂಪದ ಕುಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಗಂಗಾವತಿಗೆ ಕೊಟ್ಟಿದ್ದ ಅಕ್ಕನನ್ನು ಕರೆತಂದಿದ್ದೆ. ಸಣ್ಣಂದಿನಿಂದ ಅವಳಿಗೆ ಕಾಮಾಲೆ ಬಂದು ಹೋಗುತ್ತಿತ್ತು. ಬಂದಾಗಲೆಲ್ಲ ಹುಲಿಹೈದರದ ಕಡೆಯ ಮುದುಕನೊಬ್ಬ ಮುಂಗೈಗೆ ಬರೆ ಎಳೆಯುತ್ತಿದ್ದ. ಕದ್ದು ಮಿರ್ಚಿ ತಿಂದು, ಹೊತ್ತಿಗೊಂದು ಚಹಾ ಕುಡಿದು ಪಿತ್ತ ಕೆಡಿಸಿಕೊಂಡಳೆಂದು ಅವಳ ಅತ್ತೆ ಓಣಿಗೆಲ್ಲ ಹೇಳಿದ್ದಳು.

ನಾನು ದುಭಾಷಿ. ಗಂಗಾವತಿ ಸಂತೆಯ ದಖನಿ ಉರ್ದುವೇ ನನ್ನ ಹಿಂದಿ. ಬಾಯಿ ತೆರೆದರೆ ವಾರ್ಡಿನ ಆಯಾಗಳಿಗೆ ನಗು. ಕಂಡವರ ದನಿ ತೆಗೆದು ಅಣಕಿಸುವುದು ಬಿಟ್ಟು ಬೇರೆ ವಿದ್ಯೆ ಕಲಿಯದವನಿಗೆ ಅಷ್ಟಾದರೂ ಗಿರಾಕಿ ಸಿಕ್ಕರಲ್ಲ.

ಡಾಕ್ಟರು ಮೂಗಿನಲ್ಲಿ ಮಾತಾಡುವವರು. ಹುಟ್ಟುವಾಗಲೇ ಪಿತ್ತನಾಳ, ಮೇದೋಜ್ಜೀರಕದ ನಾಳ ಕೂಡಬಾರದ ಕಡೆ ಕೂಡಿವೆ ಎಂದರು. ತೂಬು ತಪ್ಪಿದ ಕಾಲುವೆಯಂತೆ ರಸ ಹಿಂದಕ್ಕೆ ನುಗ್ಗಿ, ವರ್ಷಗಟ್ಟಲೆ ಪಿತ್ತಕೋಶವನ್ನು ಒಳಗಿಂದ ಸುಟ್ಟು, ಈಗ ಕ್ಯಾನ್ಸರ್. ಯಕೃತ್ತಿಗೂ ಹಬ್ಬಿದೆ, ಕೊಯ್ದು ಉಪಯೋಗವಿಲ್ಲ.

ಇಂಥದ್ದನ್ನು ರೋಗಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕ ಬಿಡಲಿಲ್ಲ.

‘ನೀ ಹೇಳಬ್ಯಾಡ ತಮ್ಮಾ. ಡಾಕ್ಟರನ ದನಿ ತಗಿ, ಅವ ಹೇಳ್ಲಿ.’

ಮೂಗು ಹಿಡಿದು ಎಲ್ಲವನ್ನೂ ಹೇಳಿದೆ. ನಡುವೆ ಒಮ್ಮೆ ನಕ್ಕಳು. ಮುಗಿದ ಮೇಲೆ ಅವಳು ಕೇಳಿದ್ದು ಸಾವಿನ ಮಾತಲ್ಲ.

‘ಅಂದ್ರ ಇದು ನನ್ನ ತಪ್ಪಲ್ಲ, ಹೌದಲ್ಲೋ? ಇಷ್ಟು ನಮ್ಮತ್ತಿ ಮುಂದ ಹೇಳು, ಸಾಕು.’

ಗಂಗಾವತಿಯ ಪಡಸಾಲೆಯಲ್ಲಿ ಹೇಳಿದೆ, ಅದೇ ದನಿಯಲ್ಲಿ. ಅತ್ತೆ ಎಲೆಯಡಿಕೆ ಜಗಿಯುತ್ತ ಪೂರ್ತಿ ಕೇಳಿದಳು.

‘ಹುಟ್ಟಿದಾಗಿಂದ ಇತ್ತು? ಹಂಗಾರ ಗೊತ್ತಿದ್ದೂ ನಮ್ಮ ಕೊಳ್ಳಾಗ ಕಟ್ಯಾಳ ನಿಮ್ಮವ್ವ. ಕರಕೊಂಡು ನಡಿ.’

ಭಾವ ಹಿತ್ತಲಿಗೆ ಎದ್ದು ಹೋದ. ಅಕ್ಕ ಸೆರಗು ಕೊಡವಿ ನನಗಿಂತ ಮೊದಲೇ ಹೊಸ್ತಿಲು ದಾಟಿದಳು. ಕುಷ್ಟಗಿಯ ಅವ್ವನ ಮನೆಯಲ್ಲಿ, ಜೋಳ ತೆನೆ ಕಟ್ಟುವ ಮುಂಚೆ ತೀರಿಕೊಂಡಳು.

ಆಮೇಲೆ ನಾನು ಅಲ್ಲಿ ನಿಲ್ಲಲಿಲ್ಲ. ಈಗ ಮುಂಬೈಯ ಆ ಆಸ್ಪತ್ರೆಯ ಬಳಿಯ ಖಾನಾವಳಿಯಲ್ಲಿ ಬಡಿಸುತ್ತೇನೆ. ಪಾವ್ ಎಂದರೆ ಇಲ್ಲಿಯ ಬ್ರೆಡ್ಡು. ರೊಟ್ಟಿಯೆಂದುಕೊಂಡು ಶೇಂಗಾ ಚಟ್ನಿಗೆ ಅದ್ದುತ್ತೇನೆ, ನಾಲಿಗೆ ಮೋಸಹೋಗುವುದಿಲ್ಲ. ಮರಾಠಿಯಲ್ಲಿ ಜಗಳವಾಡಲು ಕಲಿತಿದ್ದೇನೆ. ನನ್ನ ಗೆಲುವು ಅಷ್ಟೇ. ಊರಿಗೆ ಹೋದರೆ ಗೆಳೆಯರು ಅಕ್ಕನ ಅತ್ತೆಯ ದನಿ ತೆಗೆಯೆನ್ನುತ್ತಾರೆ. ತೆಗೆಯುತ್ತೇನೆ, ನಗುತ್ತಾರೆ, ಮರುದಿನ ಬಸ್ಸು ಹತ್ತುತ್ತೇನೆ. ಅಕ್ಕನ ಮಣ್ಣು ಕುಷ್ಟಗಿಯಲ್ಲಿದೆ. ಅವಳ ತಪ್ಪಿಲ್ಲವೆಂದ ಡಾಕ್ಟರು ಇಲ್ಲಿದ್ದಾರೆ. ಅವರಿಗೆ ಅವಳ ಹೆಸರೂ ನೆನಪಿಲ್ಲ.