ಚೆಲುವಯ್ಯನವರ ಇದ್ದಿಲ ಕೈ

ಚೆನ್ನೈನ ಅಡ್ಯಾರಿನ ಲ್ಯಾಬಿನಲ್ಲಿ ಗಾಳಿಯ ಇಂಗಾಲಾಮ್ಲ ಹೀರುವ ಇದ್ದಿಲು ತಯಾರಿಸುವ ಚೆಲುವಯ್ಯನವರು ಭಟ್ಟರ ಹೋಟೆಲಿಗೆ ಬಂದರೆ ಕಾಫಿಗಿಂತ ಮೊದಲು ಕೇಳುವುದು ಇದ್ದಿಲು ಸುಡಲು ತೆಂಗಿನ ಚಿಪ್ಪು. "ಒಂದು ಹಿಡಿ ಇದ್ದಿಲ ತೂತುಗಳ ಒಳಮೈನೆಲ್ಲ ಬಿಡಿಸಿ ಹಾಸಿದ್ರೆ ಕ್ರಿಕೆಟ್ ಮೈದಾನ ತುಂಬ್ತದೆ ಭಟ್ರೇ," ಎನ್ನುವುದು ಅವರ ನಿತ್ಯಮಂತ್ರ. ದೀಪಾವಳಿ ಮಳೆಯಲ್ಲೂ, ತೇವ ಹೀರಲು ಅದೇ ಇದ್ದಿಲ ಪುಡಿಯ ಗಂಟು ಇಟ್ಟ ಡಬ್ಬದಿಂದ ತೆಗೆದ ಹಪ್ಪಳ ಗರಿಗರಿಯಾಗಿ ಮುರಿದರೆ ಕುಸ್ತಿ ಗೆದ್ದವರಂತೆ ಮೀಸೆ ತಿರುವುತ್ತಾರೆ. ಮೀಸೆಗೂ ಮಸಿ ಹತ್ತುತ್ತದೆ. ಇದ್ದಿಲಿಗೆ ಪೇಟೆಂಟ್ ಸಿಕ್ಕ ದಿನ ಲ್ಯಾಬಿನ ನಿರ್ದೇಶಕರೇ ಅಭಿನಂದಿಸಲು ಹೋಟೆಲಿಗೆ ಬಂದರು. "ಮೊದ್ಲು ಕೈ ತೊಳೀರಿ ಮಾರಾಯ್ರೆ," ಎಂದು ಭಟ್ಟರು ಸೋಪು ನೀಡಿದರು. "ಬ್ಯಾಡ ಭಟ್ರೇ. ಚಿಕ್ಕೋನಿದ್ದಾಗ ಅಪ್ಪನ ಜೊತೆ ಇದ್ದಿಲು ಸುಟ್ಟು, ಸ್ಕೂಲಲ್ಲಿ ಈ ಕೈನ ಬೆಂಚಿನ ಕೆಳಗೆ ಬಚ್ಚಿಡ್ತಿದ್ದೆ," ಎಂದ ಚೆಲುವಯ್ಯನವರು ಮಸಿಯ ಅಂಗೈಯನ್ನೇ ನಿರ್ದೇಶಕರತ್ತ ಚಾಚಿದರು.