ಲವೆಲ್ ಪ್ರುಯಿಟ್‌ನ ಹಳೆಯ ಅಂಕಗಳು

ಲವೆಲ್ ಪ್ರುಯಿಟ್ ಹನ್ನೊಂದು ವರ್ಷ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು. ಅಷ್ಟರಲ್ಲಿ ಚೆಂಡು ಮುಟ್ಟಿದ್ದು ಎರಡೇ ಸಲ, ಅದೂ ಯಾರದೋ ಕೈಜಾರಿ ಬಿದ್ದಾಗ. ಚೆಂಡೆಸೆಯುವವನಿಗೆ ಪೆಟ್ಟಾಗದಂತೆ ಮುಂದಿನ ಸಾಲಿನಲ್ಲಿ ನಿಂತು, ನುಗ್ಗಿ ಬರುವವರಿಗೆ ತನ್ನ ತಲೆ ಕೊಡುವುದು ಅವನ ಕೆಲಸ. ಜಾರ್ಜಿಯಾದ ಆ ಸಣ್ಣ ಊರಿನಿಂದ ದೊಡ್ಡ ತಂಡಕ್ಕೆ ಹೋದವನು ಅವನೊಬ್ಬನೇ. ನಿವೃತ್ತನಾಗಿ ಬಂದು ರಸ್ತೆ ಬದಿ ಬೇಯಿಸಿದ ಶೇಂಗಾ ಮಾರುವಾಗಲೂ ಜನ ಮೊದಲು ಕೈ ಕುಲುಕಿ, ಆಮೇಲೆ ಕೊಳ್ಳುತ್ತಿದ್ದರು.

ಈಗಿನ್ನೂ ಐವತ್ತು. ಮೊನ್ನೆ ಹೆದ್ದಾರಿಯ ನಡುವೆ ನಿಂತು, ಅಭ್ಯಾಸಕ್ಕೆ ತಡವಾಯಿತೆಂದು ಲಾರಿಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಅಂಥ ದೈತ್ಯನನ್ನು ಎಳೆದು ತರುವಷ್ಟರಲ್ಲಿ ಹೆಂಡತಿ ಅರ್ನೆಟಾಳ ಸೊಂಟ ಹಿಡಿದುಕೊಂಡಿತು. ಆಟದಿಂದಲೇ ಮಿದುಳು ಕುಸಿದಿದೆ ಎಂದು ಡಾಕ್ಟರ್ ಬರೆದುಕೊಟ್ಟರೆ ಆಟಗಾರರ ನಿಧಿಯವರು ಮನೆಗೆ ದಾದಿಯನ್ನು ಕಳಿಸುತ್ತಾರೆ. ಬರೆಯದಿದ್ದರೆ ಅವನಿಗೆ ಅರ್ನೆಟಾ ಒಬ್ಬಳೇ ದಿಕ್ಕು.

ಡಾಕ್ಟರ್ ಹೋಲ್ಕಂಬ್ ಒಳ್ಳೆಯ ಹೆಂಗಸು. ಐದು ಪದ ಹೇಳಿ, ತುಸು ಹೊತ್ತು ಬಿಟ್ಟು ಕೇಳಿದಳು. ಲವೆಲ್‌ಗೆ ನೆನಪಾದದ್ದು ಎರಡು. ಅವಳು ತಂಡದ ಹಳೆಯ ಕಡತ ತಿರುವಿದಳು.

"ಇಪ್ಪತ್ತಾರನೇ ವಯಸ್ಸಲ್ಲೂ ಎರಡೇ ಹೇಳಿದಾರೆ. ಮರುವರ್ಷವೂ ಎರಡೇ. ಇಳಿದಿದೆ ಅಂತ ಹೇಗೆ ಬರೀಲಮ್ಮ?"

ಆ ಎರಡು ಎಲ್ಲಿಂದ ಬಂತೆಂದು ಅರ್ನೆಟಾಳಿಗೆ ಗೊತ್ತು.

ಪ್ರತಿ ಬೇಸಿಗೆಯಲ್ಲೂ, ಪಂದ್ಯಗಳಿಗೆ ಮೊದಲು, ತಂಡದವರು ಎಲ್ಲರ ಬುದ್ಧಿ ಅಳೆದಿಡುತ್ತಿದ್ದರು. ತಲೆಗೆ ಪೆಟ್ಟಾದಾಗ ಮತ್ತೆ ಅಳೆಯುವುದು. ಅಂಕ ಇಳಿದರೆ ಹೊರಗೆ ಕೂರಿಸುವುದು. ಹೊರಗೆ ಕೂತವನ ಜಾಗ ಹೋಯಿತೆಂದೇ ಲೆಕ್ಕ. ಅದಕ್ಕೇ ಮುಂದಿನ ಸಾಲಿನ ಘಟಾನುಘಟಿಗಳೆಲ್ಲ ಮಾತಾಡಿಕೊಂಡು, ಮೊದಲ ಪರೀಕ್ಷೆಯಲ್ಲೇ ಬೇಕೆಂದು ಪೆದ್ದರಾಗುತ್ತಿದ್ದರು. ಇಳಿಯಲು ಜಾಗವೇ ಇಲ್ಲದಿದ್ದರೆ ಇಳಿಯುವುದೆಲ್ಲಿಗೆ?

"ತಿಂಗಳುಗಳನ್ನ ಹಿಂದಿನಿಂದ ಹೇಳು ಅಂದ್ರು ಕಣೇ! ನವೆಂಬರ್‌ಗೇ ಮುಗ್ಗರಿಸಿಬಿಟ್ಟೆ!" ಎಂದು ಲವೆಲ್ ಮೇಜು ಗುದ್ದಿ ನಗುತ್ತಿದ್ದ. ಅರ್ನೆಟಾಳೂ ಬಿದ್ದು ಬಿದ್ದು ನಕ್ಕು, ಅವನ ತಟ್ಟೆಗೆ ಇನ್ನೊಂದು ತುಂಡು ಕೋಳಿ ಹಾಕುತ್ತಿದ್ದಳು. ಎಂಥಾ ಜಾಣರೋ! ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡರು.

"ಅದು ಸುಳ್ಳು ಅಂಕ, ಡಾಕ್ಟರ್," ಎಂದಳು ಅರ್ನೆಟಾ. "ಬೇಕಂತಲೇ ತಪ್ಪು ಹೇಳ್ತಿದ್ದ. ಎಲ್ರೂ ಹಾಗೇ ಮಾಡ್ತಿದ್ರು."

"ನೀವು ಹೇಳಿದ್ರೆ ನಿಧಿಯವರು ಒಪ್ಪಲ್ಲ. ಇವರ ಬಾಯಿಂದಲೇ ಬರ್ಬೇಕು." ಡಾಕ್ಟರ್ ಅವನತ್ತ ತಿರುಗಿದಳು. "ಲವೆಲ್ ಅವರೇ, ಆಗ ಬೇಕಂತ ತಪ್ಪು ಹೇಳಿದ್ರಾ?"

"ಹೇಳೋ ಲವೆಲ್. ಬೇಸಿಗೆ ಪರೀಕ್ಷೆ. ಊಟಕ್ಕೆ ಕೂತು ನಗ್ತಿದ್ದೆಯಲ್ಲ, ನೆನಪು ಮಾಡ್ಕೊ."

ಲವೆಲ್ ಬೆನ್ನು ನೆಟ್ಟಗೆ ಮಾಡಿ, ಮಂಡಿಗಳ ಮೇಲೆ ಕೈಯಿಟ್ಟು ಬಹಳ ಹೊತ್ತು ಯೋಚಿಸಿದ. ಆ ಬೇಸಿಗೆಗಳಲ್ಲಿ ಒಂದೂ ಅವನ ಕೈಗೆ ಸಿಕ್ಕಲಿಲ್ಲ.

"ಇಲ್ಲ ಮ್ಯಾಡಂ," ಎಂದ ವಿನಯದಿಂದ. "ನಂಗೆ ಬಂದಷ್ಟು ಹೇಳಿರ್ತೀನಿ. ನಮ್ಮಮ್ಮ ನಂಗೆ ಮೋಸ ಕಲಿಸಿಲ್ಲ."

ಡಾಕ್ಟರ್ ಅದನ್ನೂ ಬರೆದುಕೊಂಡಳು. ಅರ್ನೆಟಾ ಅಳು ಬರಲೆಂದು ಕಾದಳು. ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಲವೆಲ್ ಅವಳತ್ತ ಬಾಗಿ ಪಿಸುಗುಟ್ಟಿದ.

"ಸರಿಯಾಗಿ ಹೇಳಿದ್ನಾ?"

"ಸರಿಯಾಗೇ ಹೇಳಿದೆ ಕಣೋ," ಎಂದಳು.